ನೀರಿಲ್ಲದ ಹಳ್ಳ

ದೇವಸಮುದ್ರದಲ್ಲಿ ಬಸ್ಸಿಳಿದು ನೋಡಿದರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ನಮ್ಮ ಕುಮಟೆಯಲ್ಲಿ ಹತ್ತು ಹೆಜ್ಜೆಗೊಂದು ಮರ, ಬೇಲಿ, ಮನೆ. ಇಲ್ಲಿ ಒಬ್ಬ ಮನುಷ್ಯ ನಡೆದು ಬರುವುದು ಕಾಲು ಗಂಟೆ ಮೊದಲೇ ಕಾಣುತ್ತಿತ್ತು. ಹಾಗೆ ನನ್ನನ್ನು ಕರೆದೊಯ್ಯಲು ಬಂದವರು ಪಾಲಯ್ಯ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಬಯಲಲ್ಲಿ ಸೋಲಾರ್ ಫಲಕ ನೆಟ್ಟು ಕರೆಂಟು ತೆಗೆಯುವುದು ಇನ್ನೂ ಹೊಸತು. ಸಿವಿಲ್ ಡಿಪ್ಲೊಮಾ ಓದಿದ್ದ ನನಗೆ ಕಂಬದ ಗುಂಡಿಗಳಿಗೂ ಕೇಬಲ್ಲಿನ ಕಾಲುವೆಗೂ ಗುರುತು ಹಾಕುವ ಕೆಲಸ. ವರ್ಷಗಟ್ಟಲೆ ಅಲ್ಲೇ ಕುರಿ ಮೇಯಿಸಿದ್ದ ಪಾಲಯ್ಯ ಈಗ ಅದೇ ನೆಲದಲ್ಲಿ ಕೂಲಿ. ಅವರ ಮನೆಯ ಮುಂದಿನ ಕೋಣೆಯೇ ನನ್ನ ಬಾಡಿಗೆ ಮನೆ.

ಅವರ ಹೆಂಡತಿ ಓಬಮ್ಮ ಪಕ್ಕದವರೊಡನೆ ತೆಲುಗು, ನನ್ನೊಡನೆ ಕನ್ನಡ ಆಡುತ್ತಿದ್ದರು. ಗಂಜಿ ಕುಡಿದು ಬೆಳೆದ ನಾನು ಮುದ್ದೆಯನ್ನು ಅಗಿಯುವುದು ಕಂಡು, “ಹಲ್ಲು ಹಚ್ಚಬ್ಯಾಡ ತಾಯಿ, ನುಂಗು” ಎಂದು ನಕ್ಕಿದ್ದರು. ಸರಿಯಾಗಿ ನುಂಗಿದ ದಿನ ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು.

ಕಾಲುವೆಗೆ ಗೂಟ ಹೊಡೆಸುವಾಗ ಪಾಲಯ್ಯ ಬಂದರು. “ಅಲ್ಲಿ ಹಳ್ಳ ಐತ್ರಿ ಮೇಡಂ. ತೋಡಿಸಬ್ಯಾಡ್ರಿ.”

ನಮ್ಮ ಕಡೆ ಹಳ್ಳವೆಂದರೆ ಬೇಸಿಗೆಯಲ್ಲೂ ಕಾಲು ನೆನೆಯುವ ನೀರು. ಇಲ್ಲಿದ್ದದ್ದು ಒಣ ಮರಳು. “ಎಲ್ಲಿದೆ ಹಳ್ಳ?” ಎಂದು ನಕ್ಕೆ.

ಮರುದಿನ ಮತ್ತೆ ಹೇಳಿದರು. “ದೂರದ ಗುಡ್ಡದಾಗೆ ಮಳೆ ಬಂದ್ರೆ ಸಾಕ್ರಿ, ನೀರು ಇಲ್ಲಿಗೇ ಬರ್ತೈತೆ. ಇಲ್ಲಿ ಹನಿ ಬೀಳಾದು ಬ್ಯಾಡ.” ಮಳೆಯ ವಿಷಯ ನನಗೇ ಹೇಳಿಕೊಡುತ್ತಾರಲ್ಲ ಎನಿಸಿತು. ಗೂಟ ಕೀಳಿಸಲಿಲ್ಲ. ಮೇಲಿನವರಿಗೂ ತಿಳಿಸಲಿಲ್ಲ.

ಎರಡು ವಾರದ ಮೇಲೆ, ಬಿಸಿಲಿದ್ದ ಮಧ್ಯಾಹ್ನ, ಆ ಒಣ ಹಳ್ಳದಲ್ಲಿ ಕೆಂಪು ನೀರು ಬಂತು. ಆಳೆತ್ತರದ ಕಾಲುವೆಯಲ್ಲಿ ಪಾಲಯ್ಯ ಸೇರಿ ಮೂವರಿದ್ದರು. ಪಾಲಯ್ಯ ಇಬ್ಬರನ್ನು ಮೇಲಕ್ಕೆ ನೂಕಿದರು. ಅಷ್ಟರಲ್ಲಿ ದಡ ಕುಸಿದು ಅವರ ಮೇಲೆ ಬಿತ್ತು. ನಾವು ಕೈಯಲ್ಲಿ, ಬಾಣಲಿಯಲ್ಲಿ ಮಣ್ಣು ತೆಗೆದೆವು. ಸಿಕ್ಕಾಗ ಅವರ ಬಾಯಿ ತುಂಬ ಮರಳು; ಉಸಿರಿರಲಿಲ್ಲ.

ಯಾರೂ ಊಹಿಸಿರದ ನೀರು ಎಂದು ಕಂಪನಿ ವರದಿ ಬರೆಸಿತು. ಸಹಿ ಹಾಕಲು ನನ್ನ ಮುಂದಿಟ್ಟರು. ಅದರ ಕೆಳಗೆ, ಪಾಲಯ್ಯ ನನಗೆ ಎರಡು ಸಲ ಹೇಳಿದ್ದರು ಎಂದು ಬರೆದೆ. ಆ ವಾರವೇ ಕೆಲಸ ಹೋಯಿತು.

ಓಬಮ್ಮನಿಗೂ ಅದನ್ನೇ ಹೇಳಿದೆ.

“ಆತ ಹೇಳಿದ್ನಾ ನಿಂಗೆ?”

“ಎರಡು ಸಲ.”

“ಮತ್ತೆ ಯಾಕೆ ಕೇಳಲಿಲ್ಲ?”

ನಾನು ಹೊರಡುವ ಬೆಳಗಿನವರೆಗೂ ಓಬಮ್ಮ ನನ್ನ ಬಾಗಿಲ ಬಳಿ ಊಟ ಇಟ್ಟು ಒಳಗೆ ಹೋಗುತ್ತಿದ್ದರು.

ಮುಂದೆ ಕಾಲುವೆಯನ್ನು ಹಳ್ಳ ಬಿಟ್ಟು ದೂರಕ್ಕೆ ತಿರುಗಿಸಿದರಂತೆ. ಫಲಕಗಳು ಕರೆಂಟು ಕೊಡುತ್ತಿವೆಯಂತೆ. ನಾನು ಈಗ ಕುಮಟೆಯಲ್ಲಿದ್ದೇನೆ. ಬಾಯಿತಪ್ಪಿ “ಐತೆ” ಎಂದರೆ ಅಮ್ಮ, “ನೀನು ಆ ಊರಿನವಳೇ ಆಗಿಬಿಟ್ಟೆ” ಎನ್ನುತ್ತಾಳೆ. ಆ ಊರಿನಲ್ಲಿ ನಾನು ಮಾತು ಕೇಳದವಳು.