ಮಿರಗಕ್ಕೆ ಮೊದಲು ಬರೆದ ವರದಿ

1988ರಲ್ಲಿ ನಾನು ಚಿಕ್ಕೋಡಿ ಭಾಗದಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಅರಣ್ಯಾಧಿಕಾರಿ ಎಂದೊಡನೆ ದಟ್ಟ ಕಾಡು ನಿಮ್ಮ ಕಣ್ಣ ಮುಂದೆ ಬಂದಿದ್ದರೆ ಅದನ್ನು ಪಕ್ಕಕ್ಕಿಡಿ. ನಮ್ಮ ಪಾಲಿಗಿದ್ದದ್ದು ಕುರುಚಲು ಗುಡ್ಡಗಳು, ಅವುಗಳ ಸುತ್ತ ಜೋಳ, ಶೇಂಗಾ, ತಂಬಾಕಿನ ಹೊಲಗಳು. ಅದರಲ್ಲೂ ಕರಿಕಲ್ಲ ಗುಡ್ಡ ತೀರ ಕೆಟ್ಟಿತ್ತು. ಮೇಲ್ಮಣ್ಣು ಕೊಚ್ಚಿಹೋಗಿ ಬರೀ ಕಲ್ಲು ಎದ್ದು ಕಾಣುತ್ತಿತ್ತು. ಅದನ್ನು ಮತ್ತೆ ಅಡವಿ ಮಾಡುವ ಯೋಜನೆಯೊಂದು ತಯಾರಾಗಿತ್ತು. ಸುತ್ತಲೂ ಜಾನುವಾರು ದಾಟದಂತೆ ಕಂದಕ, ಕೆಳಗಿನ ಇಳಿಜಾರಿನಲ್ಲಿ ಕಮರ, ಬೇವು, ಸೀತಾಫಲದ ಸಸಿ, ಐದು ವರ್ಷ ಮೇಯಿಸುವುದು ಬಂದ್. ಇದರಿಂದ ಮಣ್ಣು, ನೀರು, ಗಿಡ, ಜನ, ಜಾನುವಾರುಗಳ ಮೇಲೆ ಏನು ಪರಿಣಾಮವಾದೀತು ಎಂಬ ವರದಿ ಮೊದಲು ಬೇಕಿತ್ತು. ಅದನ್ನು ಬರೆಯುವ ಕೆಲಸ ನನಗೆ ಬಂತು.

ನಾನು ಕುಳಿತಲ್ಲಿ ಕೂರುವ ಜೀವವಲ್ಲ. ಹಿಡಿದ ಕೆಲಸ ನಿನ್ನೆಯೇ ಮುಗಿಯಬೇಕಿತ್ತು ಎನ್ನುವ ಅವಸರ ನನಗೆ ಹುಟ್ಟಿನಿಂದ ಬಂದದ್ದು. ಮಾರ್ಚ್ ಮುಗಿಯುವುದರೊಳಗೆ ವರದಿ ಕೊಡಿ ಎಂದಿದ್ದರು. ನಾನು ಫೆಬ್ರುವರಿಯಲ್ಲೇ ಗುಡ್ಡ ಹತ್ತಿದೆ. ಹಗ್ಗ ಹಿಡಿದು ಹತ್ತು ಮೀಟರ್ ಉದ್ದಗಲದ ಚೌಕ ಹಾಕಿ, ಅದರೊಳಗಿನ ಒಂದೊಂದು ಗಿಡವನ್ನೂ ಎಣಿಸಿ ಬರೆಯುವುದು ನಮ್ಮ ಪದ್ಧತಿ. ಇದಕ್ಕೆ ಕ್ವಾಡ್ರಾಟ್ ಎನ್ನುತ್ತಾರೆ. ಅಂಥ ನಲವತ್ತು ಚೌಕ ಹಾಕಿದೆ. ಹಗ್ಗದ ಇನ್ನೊಂದು ತುದಿ ಹಿಡಿದವನು ನಮ್ಮ ಗಾರ್ಡ್ ಪರಸಪ್ಪ. ಮಿತಭಾಷಿ, ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ.

ಅಲ್ಲಲ್ಲಿ ಒಣಗಿ ಪುಡಿಯಾದ ಕುರಿ ಹಿಕ್ಕೆ ಕಂಡಿತ್ತು.

"ಇಲ್ಲಿ ಯಾರರ ಮೇಯಸ್ತಾರೇನೋ ಪರಸಪ್ಪ?" ಎಂದೆ.

"ಈಗ ಯಾರೂ ಇಲ್ರಿ," ಎಂದ.

ಅಷ್ಟು ಸಾಕಾಯಿತು ನನಗೆ. ಮಣ್ಣಿನ ಬಗ್ಗೆ ಆರು ಪುಟ, ಗಿಡಗಳ ಬಗ್ಗೆ ಒಂಬತ್ತು ಪುಟ ಬರೆದೆ. 'ಜನ ಮತ್ತು ಜಾನುವಾರುಗಳ ಮೇಲಿನ ಪರಿಣಾಮ' ಎಂಬ ಕಲಂನ ಮುಂದೆ ಒಂದೇ ಪದ: ಗಮನಾರ್ಹವಲ್ಲ. ಸಹಿ ಹಾಕಿ ಕಳಿಸಿದೆ. ವಿಭಾಗದ ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರು ವರದಿ ಎತ್ತಿ ಹಿಡಿದು ಹೊಗಳಿದರು. ನಾನು ಎರಡು ದಿನ ನೆಲದ ಮೇಲೆ ಇರಲಿಲ್ಲ.

ಮೇ ತಿಂಗಳ ಕೊನೆಗೆ ಕಂದಕ ಮುಗಿಯಿತು. ಜೂನ್ ಎರಡನೆಯ ವಾರ ಮಿರಗ, ಅಂದರೆ ಮೃಗಶಿರ ಮಳೆ, ಚೆನ್ನಾಗಿಯೇ ಹಿಡಿಯಿತು. ಸಸಿ ನೆಡಿಸುವ ಗಡಿಬಿಡಿಯಲ್ಲಿದ್ದಾಗ ಪರಸಪ್ಪ ಸೈಕಲ್ ತುಳಿದುಕೊಂಡು ಬಂದ.

"ಸಾಹೇಬ್ರ, ಬೀರಪ್ಪನ ಕುರಿ ಬಂದಾವ್ರಿ. ಕಂದಕದ ಕಡೀಗೆ ನಿಂತಾವು."

"ಯಾವ ಬೀರಪ್ಪ?"

"ವರ್ಷಾ ಬರ್ತಾನಲ್ರಿ, ಮಳಿಗಾಲಕ್ಕ."

"ಮತ್ತ ಯಾರೂ ಇಲ್ಲ ಅಂದಿದ್ದೆಲ್ಲೊ!"

"ಈಗ ಇಲ್ಲಂದಿದ್ನಿರಿ. ಆವಾಗ ಎಲ್ಲಾ ಕುರಿ ಹೊಳಿ ಕಡೆ ಹೋಗಿದ್ವು."

ಮೋಟರ್ ಸೈಕಲ್ ಹತ್ತಿ ಹೋದೆ. ಕಂದಕದ ಹೊರಗೆ ನೂರಾ ಇಪ್ಪತ್ತರ ಹತ್ತಿರ ಕುರಿ, ಕಂಬಳಿ ಕೊಪ್ಪೆ ಹೊದ್ದು ನಿಂತ ಅರವತ್ತರ ಮುದುಕ. ಸುಗ್ಗಿ ಮುಗಿದೊಡನೆ ಈ ಕುರಿಗಾರರು ಕುರಿ ಹೊಡೆದುಕೊಂಡು ಹೊಳೆಯ ಬದಿಗೆ, ರಾಯಬಾಗ, ಅಥಣಿ ಕಡೆಯ ಎರೆ ಹೊಲಗಳಿಗೆ ಹೋಗುತ್ತಾರೆ. ಅಲ್ಲಿ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿಕೊಂಡು ಕಾಳು ಕೊಡುತ್ತಾರೆ. ಮಳೆ ಬಿದ್ದ ಮೇಲೆ ತಿರುಗಿ ಬರುವುದು ಈ ಗುಡ್ಡಕ್ಕೆ. ನಾನು ಅಥಣಿ ಕಡೆಯವನೇ. ಆದರೆ ನಮ್ಮ ಮನೆಯಲ್ಲಿದ್ದದ್ದು ಎಮ್ಮೆ. ಕುರಿಯ ವರ್ಷ ಹೇಗೆ ತಿರುಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

"ಹೊಲದ ಬದುವಿನ್ಯಾಗ ನಾಕ್ ತಿಂಗಳ ಕಳೀರಲ್ಲ ಅಜ್ಜಾ," ಎಂದೆ. ಎಷ್ಟು ಹಗುರವಾಗಿ ಅಂದೆ ಎಂದು ಈಗಲೂ ನಾಚಿಕೆಯಾಗುತ್ತದೆ.

ಬೀರಪ್ಪ ಸಿಟ್ಟಾಗಲಿಲ್ಲ. "ಎರಿ ಮಣ್ಣಾಗ ಮಳಿಗಾಲ್ದಾಗ ಕುರಿ ನಿಲ್ಲಾಂಗಿಲ್ರಿ ಸಾಹೇಬ್ರ. ಗೊರಸು ಕೊಳಿತಾವು. ಹೊಲದಾಗೆಲ್ಲಾ ಬಿತ್ಯಾರ, ಹೊಕ್ಕರ ಬಡೀತಾರ. ಈ ಗುಡ್ಡದ ಕಲ್ಲಿನ ಮ್ಯಾಲೆ ನೀರ ನಿಲ್ಲಾಂಗಿಲ್ಲ. ನಮ್ಮಪ್ಪನೂ ಇಲ್ಲೇ ಕುರಿ ಉಳಿಸ್ಯಾನ. ಮ್ಯಾಲಿನ ಬಂಡಿಗಲ್ಲಿನ ಮ್ಯಾಲಷ್ಟ ಬಿಡ್ರಿ, ನಿಮ್ಮ ಸಸಿ ಮುಟ್ಟಾಂಗಿಲ್ಲ."

ಗುಡ್ಡದ ನೆತ್ತಿಯಲ್ಲಿ ಬರೀ ಬಂಡೆ, ಅದರ ಸಂದಿಗಳಲ್ಲಿ ಮಳೆಗೆ ಚಿಗುರುವ ಹುಲ್ಲು. ಅಲ್ಲಿ ನಾವು ಒಂದು ಸಸಿಯನ್ನೂ ನೆಡುವವರಿರಲಿಲ್ಲ. ಮುದುಕ ಕೇಳಿದ್ದು ನ್ಯಾಯವಾಗಿಯೇ ಇತ್ತು. "ಸಾಹೇಬರಿಗೆ ಕೇಳಿ ಹೇಳ್ತೀನಿ," ಎಂದು ಬಂದೆ.

ಸಾಹೇಬರು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. "ತೊಂದರೆ ಇಲ್ಲ ಅಂತ ಬರೆದವರೂ ನೀವೇ, ಐತಿ ಅನ್ನೋರೂ ನೀವೇ. ಯಾವುದು ಖರೆ? ಬರೆದು ಕಳಿಸ್ರಿ, ನೋಡೋಣು," ಎಂದರು.

ಬರೆದು ಕಳಿಸಿದೆ. ಅಲ್ಲಿಂದ ಶುರುವಾಯಿತು ನನ್ನ ಪಾಡು. ಟಪಾಲು ಬರುವ ಹೊತ್ತಿಗೆ ಕುರ್ಚಿಯಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ಕುರ್ಚಿಗೆ. ದಿನಕ್ಕೊಂದು ನೆಪ ಮಾಡಿಕೊಂಡು ಗುಡ್ಡದ ಕಡೆ ಹೋಗುತ್ತಿದ್ದೆ, ಬೀರಪ್ಪ ಕಂಡರೆ ಗಾಡಿ ನಿಲ್ಲಿಸದೆ ಮುಂದೆ ಹೋಗುತ್ತಿದ್ದೆ. ಮಳೆ ಬಿಡಲೇ ಇಲ್ಲ. ಕುರಿಗಳು ರಸ್ತೆಯ ಪಕ್ಕದ ಕೆಸರಿನಲ್ಲಿ ನಿಂತೇ ಇದ್ದವು. ಒಂದು ಬೆಳಿಗ್ಗೆ ನೋಡುತ್ತೇನೆ, ಹತ್ತಾರು ಕುರಿ ಮುಂಗಾಲು ಮಡಚಿ, ಮೊಣಕಾಲೂರಿ ಮೇಯುತ್ತಿವೆ. ಗೊರಸು ಕೊಳೆತ ಕುರಿ ಹೀಗೆ ಮೇಯುತ್ತದೆ ಎಂದು ಪರಸಪ್ಪ ಹೇಳಿದ. ಅವನೂ ನನ್ನ ಮುಖ ನೋಡದೆ ಹೇಳಿದ.

ಬರೆದು ಕಳಿಸಿ ಅವತ್ತಿಗೆ ಹದಿನೆಂಟು ದಿನವಾಗಿತ್ತು, ಉತ್ತರ ಬಂದಿರಲಿಲ್ಲ. ಸೀದಾ ನಾಲ್ಕು ಆಳು ಕರೆದುಕೊಂಡು ಹೋಗಿ ಪಶ್ಚಿಮದ ಕಡೆ ಎರಡು ಗಜ ಕಂದಕ ಮುಚ್ಚಿಸಿದೆ. ಅಲ್ಲಿಂದ ನೆತ್ತಿಯವರೆಗೆ ಎರಡೂ ಬದಿಗೆ ಜಾಲಿಮುಳ್ಳು ಹಚ್ಚಿಸಿ ದಾರಿ ಮಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಆಯಿತು.

"ಬರ್ರಿ ಅಜ್ಜಾ, ಹೊಡಕೊಂಡು ಬರ್ರಿ!" ಎಂದು ಕೂಗಿದೆ.

ಬೀರಪ್ಪ ಬಂದ. ಅವನ ಹಿಂದೆ ಮೂವತ್ತೇ ಕುರಿ ಇದ್ದವು. ಸತ್ತವು ಸತ್ತಿದ್ದವು. ಉಳಿದವುಗಳಲ್ಲಿ ಇನ್ನೂ ಕಾಲು ಗಟ್ಟಿ ಇದ್ದವನ್ನು, ಅವೂ ಕೆಡುವ ಮೊದಲೇ ಮಾರಿದರೆ ಆಯಿತೆಂದು, ಹಿಂದಿನ ದಿನದ ಸಂತೆಯಲ್ಲಿ ಕೊಟ್ಟು ಬಂದಿದ್ದ. ಅವನು ದಾರಿಯ ಎರಡೂ ಬದಿ ನೋಡಿ, "ಮುಳ್ಳ ಚೊಲೋ ಹಚ್ಚೀರಿ," ಎಂದ.

ನಾಲ್ಕು ವರ್ಷದ ಮೇಲೆ ಹೊರಗಿನ ತಂಡವೊಂದು ಗುಡ್ಡ ನೋಡಲು ಬಂತು. ನನಗೆ ಆಗ ನಿಪ್ಪಾಣಿ ಕಡೆ ವರ್ಗವಾಗಿತ್ತು. ಆದರೂ ವರದಿ ಬರೆದವರು ಎಂದು ಕರೆಸಿದ್ದರು. ಅಡವಿ ನಿಜವಾಗಿಯೂ ಚಿಗುರಿತ್ತು. ಕಮರ ಆಳೆತ್ತರ ಆಗಿತ್ತು. ಕೆಳಗಿನ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲತೊಡಗಿತ್ತು. ಮಣ್ಣು ಮತ್ತು ಗಿಡದ ಬಗ್ಗೆ ನಾನು ಬರೆದ ಹದಿನೈದು ಪುಟದಲ್ಲಿ ಒಂದು ಸಾಲೂ ಸುಳ್ಳಾಗಿರಲಿಲ್ಲ. ಅಲ್ಲಿ ಕಳೆ ಕೀಳುವ ಕೂಲಿಗಳ ನಡುವೆ ಬೀರಪ್ಪನಿದ್ದ. ತಂಡದವರೊಬ್ಬರು ಅವನನ್ನೇ ಕರೆದು, "ಅಡವಿ ಹೆಂಗಾಗಿದೆ?" ಎಂದು ಕೇಳಿದರು.

"ಭಾಳ ಚೊಲೋ ಆಗೈತ್ರಿ. ಹುಲ್ಲು ನಡಮಟ ಬಂದೈತಿ," ಎಂದ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಎಲ್ಲರೂ ಬರೆದುಕೊಂಡರು. "ನಿಮ್ಮ ಕುರಿ ಎಷ್ಟು?" ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೆಲದ ಬಗ್ಗೆ ಬರೆಯುವವನು ಅದರ ಹನ್ನೆರಡೂ ತಿಂಗಳು ನೋಡಬೇಕು ಎಂಬುದನ್ನು ಈ ಪ್ರಕರಣದಿಂದ ಕಲಿತೆ. ಮುಂದೆ ಕಿರಿಯರಿಗೆ ಇದನ್ನೇ ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಆದರೆ ಅವರಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಸಸಿ ನೆಡದ ಭಾಗಕ್ಕೆ ತಾತ್ಕಾಲಿಕವಾಗಿ ಕುರಿ ಬಿಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಅಧಿಕಾರ ವಲಯ ಅರಣ್ಯಾಧಿಕಾರಿಗೇ ಇತ್ತು, ಮೊದಲ ದಿನವೇ ಅದು ನನಗೆ ನೆನಪಿತ್ತು. ನಾನೇ ಕಂದಕ ಮುಚ್ಚಿಸಿದರೆ ಎಲ್ಲರೂ ಹೊಗಳಿದ ನನ್ನ ವರದಿ ತಪ್ಪೆಂದು ಎಲ್ಲರೆದುರು ತೋರಿಸಿಕೊಂಡಂತಾಗುತ್ತದೆ, ಸಾಹೇಬರ ಅಪ್ಪಣೆಯಿಂದಲೇ ಆಗಲಿ ಎಂದು ಹದಿನೆಂಟು ದಿನ ಟಪಾಲಿನ ದಾರಿ ಕಾಯುತ್ತ ಕುಳಿತೆ.