ಆಗಿಬರಲಿಲ್ಲ ಎನಿಸಿಕೊಂಡ ಗಾಡಿ

ನಾನು ಎಂ.ಎ. ಮುಗಿಸಿ ದೋರನಹಳ್ಳಿಗೆ ಮರಳಿದ ವರ್ಷವದು. ಶಹಾಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ನನ್ನ ತಮ್ಮ ಚನ್ನಬಸವ, ನಾರಾಯಣಪುರದ ಅಣೆಕಟ್ಟಿನ ನೌಕರರ ಕ್ವಾರ್ಟರ್ಸ್‌ನಲ್ಲಿ ಬೇವಿನ ಮರದಡಿ ತುಕ್ಕು ಹಿಡಿಯುತ್ತಿದ್ದ ಹಳೆಯ ಬೈಕೊಂದನ್ನು ತಂದು, ಅದನ್ನು ಹಳೆಯ ರೇಸು ಗಾಡಿಯಂತೆ ಕಾಣುವ ಕೆಫೆ ರೇಸರ್ ಮಾಡುವ ಹಟ ಹಿಡಿದಿದ್ದ. ಉದ್ದನೆಯ ಸೀಟಿನ ಜಾಗಕ್ಕೆ ಒಬ್ಬರೇ ಕೂರುವ, ಹಿಂದೆ ಗೂನುಬ್ಬಿದ ಸೀಟು ಬಂತು. ಸವಾರ ಟ್ಯಾಂಕಿನ ಮೇಲೆ ಬಾಗಿ ಹಿಡಿಯುವ ತಗ್ಗು ಹ್ಯಾಂಡಲ್ ಬಂತು.

ಪಕ್ಕದ ಪಂಕ್ಚರ್ ಅಂಗಡಿಯ ಮೆಹಬೂಬಣ್ಣ ಕಾಡಿಸುತ್ತಿದ್ದ. "ಏನಲೇ ಚನ್ನ್ಯಾ, ಗಾಡಿಗಿ ಗೂನ ಬಂದೈತಲ್ಲೋ! ನಾಳೆ ಹೇಣ್ತಿ ಬಂದ್ರ ಎಲ್ಲಿ ಕುಂದ್ರಸ್ತಿ?"

"ಆಕಿ ಗಾಡಿ ಹೊಡೀತಾಳ, ನಾ ಹಿಂದ ನಡಕೋಂತ ಬರ್ತೀನಿ ಬಿಡಣ್ಣ."

ಬಣ್ಣ ಯಾವಾಗ ಎಂದು ನಾನು ಅವಸರಿಸಿದರೆ, ತಮ್ಮ ಚಕ್ರ ಬಿಚ್ಚಿ ಹೊಸ ಬ್ರೇಕ್ ಶೂ ಕೂರಿಸುತ್ತಿದ್ದ. "ಗಾಡಿಗಿ ಮೊದ್ಲ ನಿಲ್ಲೂದು ಕಲಸಬೇಕಕ್ಕಾ, ಆಮ್ಯಾಲ ಓಡೂದು."

ಅದನ್ನು ಮೊದಲ ಬಾರಿಗೆ ಊರಿಗೆ ತರುವ ಸಂಜೆ ಅವನು ಮುಂದೆ, ನಾನು ಹಿಂದೆ ಸ್ಕೂಟಿಯಲ್ಲಿ. ಕತ್ತಲಾಗುತ್ತಿತ್ತು. ಪೈಪು ಹಾಕಲೆಂದು ಯಾರೋ ರಸ್ತೆಯನ್ನು ಅಡ್ಡ ಸೀಳಿದ್ದರು. ಬೆಳಿಗ್ಗೆ ಅದು ಇರಲಿಲ್ಲ. ಎಚ್ಚರಿಕೆಗೆ ಒಂದು ಕೆಂಪು ಬಟ್ಟೆಯಾಗಲಿ, ನಾಲ್ಕು ಕಲ್ಲಾಗಲಿ ಇಟ್ಟಿರಲಿಲ್ಲ. ತಮ್ಮನ ಗಾಡಿಯ ಹಿಂದೀಪ ಝಗ್ಗನೆ ಕೆಂಪಾಯಿತು, ಟೈರು ಕಿರುಚಿತು, ಮುಂದಿನ ಚಕ್ರ ಗುಂಡಿಗಿಳಿಯಿತು. ಆ ಕೆಂಪು ದೀಪ ಕಂಡೇ ನಾನು ನಿಂತೆ.

ಅವನ ಬಲಗೈ ಮಣಿಕಟ್ಟು ಪುಡಿಯಾಗಿತ್ತು. ಯಾದಗಿರಿಯ ಆಸ್ಪತ್ರೆಯಿಂದ ಕಲಬುರಗಿಗೆ ಕಳಿಸಿದರು. ಅವನ ಜೊತೆ ನಾನಿದ್ದೆ. ನಾವು ಮರಳುವಷ್ಟರಲ್ಲಿ ಗುಂಡಿ ಮುಚ್ಚಿಬಿಟ್ಟಿದ್ದರು. ಊರ ತುಂಬ ಒಂದೇ ಮಾತು: ಹುಡುಗ ಗಾಡಿ ಕೆಡಿಸಿದ, ಬಿದ್ದ.

ಪೈಪಿನ ಕೆಲಸ ಹಿಡಿದಿದ್ದ ಗುತ್ತಿಗೆದಾರನ ಮೇಸ್ತ್ರಿಯನ್ನು ಹುಡುಕಿ ಕೇಳಿದೆ. ಅವನು ಎಲೆ ಅಡಿಕೆ ಜಗಿಯುತ್ತಲೇ ಹೇಳಿದ: "ಅದಕ್ಕ ಬ್ರೇಕ ಇದ್ದಿಲ್ಲಂತಲ್ರಿ ಅಕ್ಕೋರೆ. ಇತ್ತಂದ್ರ ಗಾಡಿ ತಂದು ತೋರಸ್ರಿ."

ತೋರಿಸುತ್ತೇನೆ ಎಂದು ಮನೆಗೆ ಓಡಿದೆ. ಬಿದ್ದ ಗಾಡಿ ಇಟ್ಟಿದ್ದ ಕೊಟ್ಟಿಗೆ ಖಾಲಿ ಇತ್ತು.

"ಗುಜರಿಗಿ ಕೊಟ್ಟು ಬಿಟ್ಟೆನವ್ವ," ಎಂದರು ಅಪ್ಪ, ನನ್ನ ಮುಖ ನೋಡದೆ. "ಆ ಗಾಡಿ ನಮ್ಮ ಮನಿಗಿ ಆಗಿಬರಲಿಲ್ಲ. ಅದನ್ನ ನೋಡಿದ್ರ ನಿಮ್ಮವ್ವ ಉಣ್ಣಾಕ ವಲ್ಲಳು."

ಶಹಾಪುರದ ಗುಜರಿ ಅಂಗಡಿಗೆ ಹೋದಾಗ ಫ್ರೇಮು ಆಗಲೇ ತುಂಡಾಗಿ ಲಾರಿ ಏರಿತ್ತು. ಅಪ್ಪನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅವರು ಕಬ್ಬಿಣವನ್ನು ಶಪಿಸಿದರು. ಅಗೆದು ಬಿಟ್ಟುಹೋದ ಮನುಷ್ಯರು ಅದೇ ಶಾಪದ ಮರೆಯಲ್ಲಿ ಪಾರಾದರು. ಗಾಡಿಯನ್ನು ಪರೀಕ್ಷಿಸಿ, ದೋಷವಿದ್ದರೆ ತಪ್ಪು ನಮ್ಮದೇ ಎನ್ನಿ, ಇಲ್ಲದಿದ್ದರೆ ರಸ್ತೆ ಸೀಳಿದವರ ಹೆಸರು ಹೇಳಿ ಎಂದು ಕೇಳುವ ಹಕ್ಕು ನಮಗಿತ್ತು. ಆ ಹಕ್ಕನ್ನು ನಾವೇ ತೂಕಕ್ಕೆ ಹಾಕಿಬಿಟ್ಟೆವು. ಆದರೂ ಅರ್ಜಿ ಹಿಡಿದು ಕಚೇರಿಗೆ ಅಲೆಯುತ್ತಿದ್ದೇನೆ. ಅದಕ್ಕೆ ಬ್ರೇಕ್ ಇತ್ತು. ಅದು ಹಿಡಿದು ಆ ಕೆಂಪು ದೀಪ ಹೊತ್ತಿರದಿದ್ದರೆ ನಾನೂ ಗುಂಡಿಗೆ ಬಿದ್ದು, ಇದನ್ನು ಬರೆಯಲು ಇರುತ್ತಿರಲಿಲ್ಲ.

ಚನ್ನುವಿನ ಮಣಿಕಟ್ಟು ಈಗ ಮಡಚುವುದಿಲ್ಲ. ಅಂಗಡಿ ಮುಂದೆ ಎಂಥ ಬೈಕು ಹೋದರೂ ತಲೆ ಎತ್ತುವುದಿಲ್ಲ. ಮುಚ್ಚಿದ ಗುಂಡಿ ಉಬ್ಬಾಗಿ ಉಳಿದಿದೆ. ಅಲ್ಲಿ ಬಸ್ಸು ಎಗರಿದಾಗಲೆಲ್ಲ ಜನ ಡ್ರೈವರನನ್ನು ಬಯ್ಯುತ್ತಾರೆ.