ಮಂಡಕ್ಕಿ ಗಾಡಿಯ ಔಷಧಿ ಡಬ್ಬಿ

2022ರಲ್ಲಿ ನಾನು ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿದ್ದೆ. ಕಚೇರಿ ದಾವಣಗೆರೆಯಲ್ಲಿ, ಹರಿಹರವೂ ನನ್ನ ವ್ಯಾಪ್ತಿಯಲ್ಲಿತ್ತು. ರೋಗಿಗಳು ಆರು ತಿಂಗಳು, ಒಂದು ದಿನವೂ ಬಿಡದೆ ಗುಳಿಗೆ ನುಂಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಡುವೆ ಬಿಟ್ಟರೆ ಆ ಔಷಧಿಗೆ ಬಗ್ಗದ ರೂಪದಲ್ಲಿ ರೋಗ ಮರಳಬಹುದು.

ನಾಗಪ್ಪನವರಿಗೆ ಐವತ್ತರ ಆಸುಪಾಸು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಹಮಾಲಿ ಮಾಡುತ್ತ ಅಲ್ಲೇ ಮಲಗುತ್ತಿದ್ದವರು. ಕೆಮ್ಮು ಹೆಚ್ಚಾದಾಗ ಕೆಲಸದ ಜೊತೆಗೆ ಮಲಗುವ ಜಾಗವೂ ಹೋಯಿತು. ಹರಿಹರ ಬಸ್ ನಿಲ್ದಾಣದ ಹೊರಗಿನ ಕಟ್ಟೆ ಸೇರಿದರು. ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾದಾಗ ಅವರ ತೂಕ ಮೂವತ್ತೆಂಟು ಕಿಲೋ. ಚಿಕಿತ್ಸಾ ಕಾರ್ಡಿನಲ್ಲಿ ವಿಳಾಸ ಬರೆಯಬೇಕು, ದಿನವೂ ಗುಳಿಗೆ ಕೊಡಲು ಹತ್ತಿರದವರೊಬ್ಬರನ್ನು ಗೊತ್ತುಮಾಡಬೇಕು. ನಾಗಪ್ಪ ಎರಡಕ್ಕೂ ರಸ್ತೆಯಾಚೆಯ ಮಂಡಕ್ಕಿ ಗಾಡಿಯತ್ತ ಕೈ ತೋರಿಸಿದರು.

ಗಾಡಿಯ ಒಡತಿ ರಜಿಯಾಬಿ. ಬಾಣಲೆಯಿಂದ ಮಿರ್ಚಿ ತೆಗೆಯುತ್ತಲೇ ನನ್ನ ತೊಡಕನ್ನೆಲ್ಲ ಕೇಳಿಸಿಕೊಂಡರು.

"ಮನೆ ಇಲ್ದವ್ರಿಗೆ ಗುಳಿಗೆ ಕೊಡಂಗಿಲ್ಲೇನ್ರಿ ಸಾರ್? ನನ್ನ ಗಾಡಿನ ಬರ್ಕಳ್ರಿ."

ಬರೆದುಕೊಂಡೆ. ನಾಗಪ್ಪನವರ ಗುಳಿಗೆಗಳ ಡಬ್ಬಿ ಗಾಡಿಯ ಕೆಳಗಿನ ಪೆಟ್ಟಿಗೆ ಸೇರಿತು. ನಾನು ಹೇಳಿದಂತೆಯೇ ರಜಿಯಾಬಿ ಅವರನ್ನು ಗಾಡಿಯಿಂದ ದೂರ, ಗಾಳಿಯಾಡುವ ಕಲ್ಲಿನ ಮೇಲೆ ಕೂರಿಸಿ, ದಿನಕ್ಕೆ ಮೂರು ಗುಳಿಗೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದರು. ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ನಾನು. ಮೂರನೆಯ ತಿಂಗಳ ಅಮಾವಾಸ್ಯೆಯಂದು ಹೋದಾಗ ಕಟ್ಟೆ ಖಾಲಿಯಿತ್ತು. ಹಾಸಿಗೆಯ ಗಂಟೂ ಇರಲಿಲ್ಲ. ರಜಿಯಾಬಿಯೂ ಇರಲಿಲ್ಲ, ಗಾಡಿಯಲ್ಲಿದ್ದ ಅವರ ಗಂಡನಿಗೆ ಏನೂ ಗೊತ್ತಿರಲಿಲ್ಲ. ಮನೆಯಿಲ್ಲದವರು ಒಮ್ಮೆ ಹೊರಟರೆ ಮರಳುವುದಿಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ಕಾರ್ಡಿನಲ್ಲಿ 'ಚಿಕಿತ್ಸೆ ಬಿಟ್ಟಿದ್ದಾರೆ' ಎಂದು ಬರೆದು, ಡಬ್ಬಿಯನ್ನು ದಾವಣಗೆರೆಗೆ ತಂದುಬಿಟ್ಟೆ. ಡಬ್ಬಿಯೊಳಗಿನ ಗುಳಿಗೆ ಪಟ್ಟಿಯಲ್ಲಿ ಲೆಕ್ಕಕ್ಕಿಂತ ಎರಡು ದಿನದ ಗುಳಿಗೆ ಹೆಚ್ಚಾಗಿ ಖಾಲಿಯಾಗಿದ್ದವು. ಎಣಿಸಿದ್ದರೆ ತಿಳಿಯುತ್ತಿತ್ತು. ಎಣಿಸಲಿಲ್ಲ.

ಮೂರನೆಯ ದಿನ ಬೆಳಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ರಜಿಯಾಬಿ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಗುಳಿಗೆ ಪಟ್ಟಿಯ ಖಾಲಿ ತುಂಡು.

"ಅಮಾಸಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಿದ್ದ ಸಾರ್, ಪ್ರತಿ ತಿಂಗ್ಳು ಹೋಗ್ತಾನೆ. ಎಲ್ಡು ದಿನದ ಗುಳಿಗೆ ಮಂಡಕ್ಕಿ ಪೊಟ್ಣದಾಗೆ ನಾನೇ ಕಟ್ಟಿ ಕಳ್ಸಿದ್ದೆ. ಅವ ವಾಪಸ್ ಬಂದು ಕುಂತಾನೆ. ನಿಮ್ ಡಬ್ಬಿನೇ ಓಡಿಹೋಗೈತೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಅಲುಗಾಡಿಸಿತು. ಅಂದಿನ ಗುಳಿಗೆಗಾಗಿ ಗಾಡಿ ಮುಚ್ಚಿ, ಬಸ್ ಹತ್ತಿ ಬಂದಿದ್ದರು. ಡಬ್ಬಿ ತೆಗೆದುಕೊಂಡು ಅವರ ಜೊತೆಯಲ್ಲೇ ಹರಿಹರಕ್ಕೆ ಹೋದೆ. ನಾಗಪ್ಪ ಆ ಕಲ್ಲಿನ ಮೇಲೇ ಕಾಯುತ್ತಿದ್ದರು. ಮೂರು ಗುಳಿಗೆ ನುಂಗಿ, ಕೇಳುವ ಮೊದಲೇ ನನಗೂ ಬಾಯಿ ತೆರೆದು ತೋರಿಸಿದರು. ನಾನು ತಲೆ ತಗ್ಗಿಸಿದೆ. ಕಾರ್ಡಿನಲ್ಲಿ ಬರೆದಿದ್ದನ್ನು ಅಲ್ಲೇ ಹೊಡೆದು ಹಾಕಿ ಸಹಿ ಮಾಡಿದೆ.

ಆರು ತಿಂಗಳು ಮುಗಿದಾಗ ಕಫದಲ್ಲಿ ರೋಗಾಣು ಇರಲಿಲ್ಲ. ತೂಕ ನಲವತ್ತಾರು ಕಿಲೋ. ವರದಿ ಹೇಳಿದಾಗ ನಾಗಪ್ಪ ಹಿಗ್ಗಲಿಲ್ಲ. ರಜಿಯಾಬಿಯ ಕಡೆ ತಿರುಗಿ, "ಹಂಗಾದ್ರೆ ನಾಳಿಂದ ಬರಾದು ಬ್ಯಾಡೇನಕ್ಕ?" ಎಂದರು.

"ಗುಳಿಗೆ ಮುಗಿದ್ರೆ ಮಂಡಕ್ಕಿ ಮುಗೀತೇನೋ? ಬಾ. ಬರ್ದಿದ್ರೆ ಹುಡ್ಕಂಡು ಬರ್ತೀನಿ."

ಕಾರ್ಡಿನಲ್ಲಿ ವಿಳಾಸದ ಕಾಲಂ ಈಗಲೂ ಇದೆ. ಸೂರಿಲ್ಲದವರು ಎದುರು ಕೂತಾಗ ಮನೆ ಎಲ್ಲಿ ಎಂದು ನಾನು ಮೊದಲು ಕೇಳುವುದಿಲ್ಲ. ಒಂದು ದಿನ ನೀವು ಕಾಣದಿದ್ದರೆ ಯಾರು ಹುಡುಕುತ್ತಾರೆ ಎಂದು ಕೇಳುತ್ತೇನೆ. ಆ ಹೆಸರನ್ನು ಬರೆದುಕೊಂಡ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತೇನೆ.